ಸಮುದ್ರಕ್ಕೆ ಕೋಡಿ ಎಲ್ಲಿದೆ?

ನಮ್ಮತ್ತೆ ದೇವರನ್ನು ನಂಬುತ್ತಾಳೆ, ಡಾಕ್ಟರನ್ನು ನಂಬುತ್ತಾಳೆ, ಬೆಳಿಗ್ಗೆ ಬೆಳಿಗ್ಗೆಯೇ ಟೀವಿಯಲ್ಲಿ ಬಂದು ಹೆದರಿಸುವ ಜ್ಯೋತಿಷಿಯನ್ನೂ ತಕ್ಕಮಟ್ಟಿಗೆ ನಂಬುತ್ತಾಳೆ. ನಿಂತ ನೀರನ್ನು ಮಾತ್ರ ಜಪ್ಪಯ್ಯ ಅಂದರೂ ನಂಬುವುದಿಲ್ಲ. ಕೆರೆ, ಕಟ್ಟೆ, ಓವರ್‌ಹೆಡ್ ಟ್ಯಾಂಕು ಹಾಗಿರಲಿ, ತುಮಕೂರಿನ ನಮ್ಮ ಮನೆಗೆ ಬಂದರೆ ಬಚ್ಚಲಲ್ಲಿ ತುಂಬಿಟ್ಟ ಬಕೆಟ್ಟಿನ ಅಡಿಗೂ ಕೈ ಹಾಕಿ ಸೋರುತ್ತಿದೆಯಾ ಅಂತ ನೋಡುತ್ತಾಳೆ! ಉತ್ಪ್ರೇಕ್ಷೆ ಅಂದುಕೊಂಡಿರಾ? ಅಂದುಕೊಳ್ಳಿ. ಅವಳ ಜೊತೆ ಒಂದು ದಿನ ಇದ್ದು ನೋಡಿ, ಆಮೇಲೆ ನನ್ನ ಹತ್ತಿರ ಮಾತಾಡಿ.

ಅತ್ತೆ ಅಂದರೆ ನನ್ನ ಅಪ್ಪನ ತಂಗಿ. ಗುಬ್ಬಿ ತಾಲ್ಲೂಕಿನಲ್ಲಿ, ಸಿ.ಎಸ್. ಪುರದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದಾರೆ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಮಾತು ಕಮ್ಮಿ ಆಡುವ ಮಾವ, ಚೈತ್ರ ಎಂಬ ಒಬ್ಬಳೇ ಮಗಳು. ಎಲ್ಲಾ ಸರಿಯೇ. ಆದರೆ ಮನೆ ಇರುವುದು ಕೆರೆ ಏರಿಯ ಕೆಳಗೆ. ಕೆರೆ ತುಂಬಿದರೆ ನೀರಿನ ಮಟ್ಟ ಅವರ ಅಡುಗೆಮನೆಯ ಸೂರಿಗಿಂತ ಮೇಲಿರುತ್ತದೆ. ಅಂದರೆ ನಾವು ಅಲ್ಲಿ ಕೂತು ಕಾಫಿ ಕುಡಿಯುವಾಗ ಏರಿಯಾಚೆ ನಮ್ಮ ತಲೆಯ ಮೇಲೆ ಮೀನು ಓಡಾಡುತ್ತಿರುತ್ತವೆ.

ಹಲವು ವರ್ಷ ಆ ಕೆರೆಯಲ್ಲಿ ದನ ಮೇಯುತ್ತಿದ್ದವು, ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಆಮೇಲೊಂದು ವರ್ಷ ಮಳೆ ಹಿಡಿಯಿತು ನೋಡಿ, ಕೆರೆ ತುಂಬಿ ಕೋಡಿ ಬಿತ್ತು. ಊರೆಲ್ಲ ಹೂವು, ಅರಿಶಿನ ಹಿಡಿದು ಗಂಗಮ್ಮನ ಪೂಜೆಗೆ ಹೊರಟಿದ್ದಾಗ ಅತ್ತೆ ತನ್ನ ಮನೆಯ ಹಿತ್ತಲಲ್ಲಿ ನೆಲ ತೇವವಾಗಿದ್ದನ್ನು ಕಂಡಳು. ಅವರ ಊರಲ್ಲೊಂದು ಕಟ್ಟುಪಾಡಿದೆ. ಏರಿ ಜಿನುಗುವುದನ್ನು ಮೊದಲು ಕಂಡವರು ಇದ್ದ ಜಾಗದಲ್ಲೇ ನಿಂತು ಕೂಗಬೇಕು. ಅನುಮಾನವೇ ಆಗಲಿ, ಕೂಗಬೇಕು. ಕೂಗು ಕೇಳಿದವರು ಯಾಕೆ, ಏನು ಅಂತ ಕೇಳದೆ ಮಣ್ಣು ಹೊರುವ ಮಂಕರಿ ಹಿಡಿದು ಬರಬೇಕು. ಕಂಡೂ ಸುಮ್ಮನಿದ್ದವರ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ. ಅತ್ತೆ ಕೂಗಿದ್ದಳು. ಊರಿಗೆ ಊರೇ ಬಂದು ಮಣ್ಣಿನ ಚೀಲ, ಹುಲ್ಲು, ಸೊಪ್ಪು ಸಿಕ್ಕಿದ್ದೆಲ್ಲ ತುರುಕಿ ಏರಿ ಉಳಿಸಿತು. ಏರಿ ಉಳಿಯಿತು, ಅತ್ತೆಯ ತಲೆ ಮಾತ್ರ ಅವತ್ತಿನಿಂದ ಏರಿಯಲ್ಲೇ ನಿಂತುಬಿಟ್ಟಿತು.

ಅಲ್ಲಿಂದ ಶುರುವಾಯಿತು ಅವಳ ಏರಿ ಯಾತ್ರೆ. ಮನೆಗೆ ಯಾರೇ ಬರಲಿ, ಹೊಸ್ತಿಲು ದಾಟುವ ಮೊದಲೇ “ಕಾಫಿ ಆಮೇಲೆ, ಮೊದ್ಲು ಏರಿ ತೋರಿಸ್ತೀನಿ ಬರ್ರಿ” ಅನ್ನುತ್ತಾಳೆ. ಹೊಲಕ್ಕೆ ನೀರು ಬಿಡುವ ತೂಬಿನಿಂದ ಹೊರಟು, ಹೆಚ್ಚಾದ ನೀರು ಹರಿದುಹೋಗುವ ಕೋಡಿಯವರೆಗೆ ನಡಿಗೆ. ದಾರಿಯುದ್ದಕ್ಕೂ ಇಲಿ ಬಿಲ, ಏಡಿ ಬಿಲ, ಬಿರುಕು, ಕಳೆಗಿಡ, ಪ್ರತಿಯೊಂದಕ್ಕೂ ನಿಂತು ವಿವರಣೆ! ಮದುವೆಗೆ ಕರೆಯಲು ಬಂದವರು, ವಿಮೆ ಮಾಡಿಸಿ ಅಂತ ಬಂದವರು, ಯಾರಿಗೂ ವಿನಾಯಿತಿ ಇಲ್ಲ. ಎಲೆಕ್ಷನ್ ಹೊತ್ತಿಗೆ ಓಟು ಕೇಳಲು ಬಂದ ಒಂದು ಗುಂಪನ್ನು ಹೀಗೇ ನಡೆಸಿಕೊಂಡು ಹೋಗಿ ಏಡಿ ಬಿಲಕ್ಕೆ ಕೈ ಹಾಕಿಸಿದ್ದಳು. ಅವರು ಗೆದ್ದರು, ಆದರೆ ಆ ಕಡೆ ಮತ್ತೆ ತಲೆ ಹಾಕಲಿಲ್ಲ. ಗುಬ್ಬಿಯಿಂದ ಕೊಬ್ಬರಿ ಕೊಳ್ಳಲು ಬರುವ ಸಾಬರು ಮಾತ್ರ ಜಾಣರು. ಈಗೀಗ ಬರುವಾಗಲೇ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡಿರುತ್ತಾರೆ. “ಅಕ್ಕಾ, ಏರಿ ಮುಗಿಸ್ಕಂಡೇ ಬಂದೆ. ಕೋಡಿ ಹತ್ರ ಹೊಸಾ ಬಿಲ ಬಿದ್ದೈತೆ. ಈಗ ಕೊಬ್ಬರಿ ಮಾತಾಡಣ!” ಅನ್ನುತ್ತಾರೆ. ಅವರಿಗೆ ಕಾಫಿ ತಕ್ಷಣ ಬರುತ್ತದೆ.

ನಾನು ತುಮಕೂರಿನಲ್ಲಿ ಹೈಸ್ಕೂಲ್ ಟೀಚರ್. ಒಮ್ಮೆ ಅತ್ತೆಗೂ ಸ್ವಲ್ಪ ಬದಲಾವಣೆ ಇರಲಿ ಅಂತ ಅಮಾನಿಕೆರೆಯ ಪಾರ್ಕಿಗೆ ಕರೆದುಕೊಂಡು ಹೋದೆ. ನನ್ನ ಬುದ್ಧಿಗಿಷ್ಟು! ಜನ ವಾಕಿಂಗ್ ಮಾಡುತ್ತಿದ್ದರೆ ಇವಳು ಸೀರೆ ಎತ್ತಿ ಸಿಕ್ಕಿಸಿಕೊಂಡು ಏರಿಯ ಇಳಿಜಾರಿಗೆ ಇಳಿದುಬಿಟ್ಟಳು. ಸೀಟಿ ಊದುತ್ತಾ ಒಬ್ಬ ಓಡಿಬಂದ.

“ಅಮ್ಮಾ, ಅಲ್ಲಿ ಇಳೀಬಾರ್ದು, ಮೇಲೆ ಬನ್ನಿ!”

“ನೀನ್ಯಾರಪ್ಪಾ?”

“ಸೆಕ್ಯುರಿಟಿ.”

“ಯಾವುದುಕ್ಕೆ? ಏರಿಗಾ, ಗೇಟಿಗಾ?”

ಪಾಪ, ಅವನು ತಿರುಗಿ ಗೇಟನ್ನೇ ನೋಡಿದ.

ಇಷ್ಟೇ ಆಗಿದ್ದರೆ ನಗಾಡಿಕೊಂಡು ಸುಮ್ಮನಿರಬಹುದಿತ್ತು. ಆದರೆ ಚೈತ್ರಳ ಮದುವೆ ಮಾತು ಬಂದಾಗ ನಗು ನಿಂತುಹೋಯಿತು. ಕುಣಿಗಲ್ ಕಡೆಯ ಒಂದು ಹಳ್ಳಿಯಿಂದ ಒಳ್ಳೆಯ ಸಂಬಂಧ ಬಂತು. ನಮ್ಮಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಿ ಬರುವ ಶಾಸ್ತ್ರ ಇದೆಯಲ್ಲ, ಅದಕ್ಕೆ ಹೋದೆವು. ನಾವೆಲ್ಲ ಜಮಖಾನದ ಮೇಲೆ ಕೂತು ಕೇಸರಿಬಾತು ತಿನ್ನುತ್ತಿದ್ದರೆ ಅತ್ತೆ ಮಾಯ. ಅರ್ಧ ಗಂಟೆ ಬಿಟ್ಟು ಕೈಯಲ್ಲಿ ಒಂದು ಅರಳಿ ಎಲೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು.

“ನಿಮ್ಮೂರ ಕೆರೆ ಏರಿ ಮ್ಯಾಲೆ ಮರ ಬೆಳೆಸಿದೀರಿ. ಬೇರು ಒಳಕ್ಕೋದ್ರೆ ಏರಿ ಉಳೀತದಾ? ನಾನು ಹೆಣ್ಣು ಕೊಡಕಿಲ್ಲ.”

ಗಂಡಿನ ತಂದೆ ತಟ್ಟೆ ಕೆಳಗಿಟ್ಟು ಕೇಳಿದರು, “ಅಲ್ಲಮ್ಮಾ, ನಮ್ಮ ಹುಡುಗನಲ್ಲಿ ಏನು ಕುಂದು?”

“ಹುಡುಗ ಚಿನ್ನ. ಮರ ಕಡಿಸ್ರಿ, ಆಮ್ಯಾಕೆ ಮಾತಾಡಣ.”

ಅದು ಪೂಜೆ ಮಾಡುವ ಮರವಂತೆ. ಮರ ಉಳಿಯಿತು, ಸಂಬಂಧ ಮುರಿಯಿತು. ವಾಪಸ್ಸು ಬರುವಾಗ ಕಾರಿನಲ್ಲಿ ನಾನು ಸಿಟ್ಟು ತಡೆಯಲಾರದೆ, “ಅತ್ತೆ, ನೀನು ಮಗಳಿಗೆ ಗಂಡು ಹುಡುಕ್ತಿದೀಯೋ, ಸಣ್ಣ ನೀರಾವರಿ ಇಲಾಖೆಗೆ ಕೆಲಸ ಮಾಡ್ತಿದೀಯೋ?” ಅಂತ ಕೇಳಿದ್ದೆ. “ಎರಡೂ ಒಂದೇ ಕಣೇ” ಅಂದಳು ಮಹಾತಾಯಿ!

ಇಂಥವಳ ಮಗಳು ಹೋಗಿ ಹೋಗಿ ಎಂಥ ಹುಡುಗನನ್ನು ಮೆಚ್ಚಬೇಕು ಹೇಳಿ? ಚೈತ್ರ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಒಂದು ಸಂಜೆ ನನಗೆ ಫೋನ್ ಮಾಡಿದಳು. ಜೊತೆಯಲ್ಲಿ ಕೆಲಸ ಮಾಡುವ ಹುಡುಗನಂತೆ, ಎಕ್ಸ್‌ರೇ ವಿಭಾಗ. ತಂದೆ ಇಲ್ಲ, ತಾಯಿ ಬಟ್ಟೆ ಹೊಲಿದು ಸಾಕಿದ್ದಾರೆ. ತುಂಬಾ ಒಳ್ಳೆಯ ಜನ.

“ಒಂದೇ ತೊಂದರೆ ಅಕ್ಕಾ.”

“ಜಾತಿನಾ?”

“ಅದೂ ಬೇರೇನೇ. ಆದ್ರೆ ಅದಲ್ಲ.”

“ಕುಡೀತಾನಾ?”

“ಥೂ, ಇಲ್ಲಪ್ಪಾ.”

“ಮತ್ತಿನ್ನೇನೇ ನಿನ್ನ ಗೋಳು?”

“ಮನೆ ಸಮುದ್ರದ ಪಕ್ಕ ಅಕ್ಕಾ.”

ನಾನು ನಿಂತಿದ್ದವಳು ಕುಳಿತುಕೊಂಡೆ. ಪಕ್ಕ ಅಂದರೆ ಎಷ್ಟು ಪಕ್ಕ ಅಂತ ಕೇಳಿದೆ. ಸಮುದ್ರ, ಆಮೇಲೆ ತಡೆಗೋಡೆ, ಆಮೇಲೊಂದು ಓಣಿ, ಆಮೇಲೆ ಮನೆ. ಚೈತ್ರ, “ಅಮ್ಮ ಬೇಡ ಅಂದ್ರೆ ಬಿಟ್ಟುಬಿಡ್ತೀನಿ. ಓಡಿಹೋಗೋಳಲ್ಲ ನಾನು. ಆದ್ರೆ ಆಮೇಲೆ ಇನ್ಯಾರನ್ನೂ ತೋರಿಸ್ಬೇಡಿ. ನೀನೇ ಹೇಳಕ್ಕಾ ಅಮ್ಮನಿಗೆ” ಅಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ. ಅದೇ ನನಗೆ ಹೆದರಿಕೆಯಾಗಿದ್ದು. ಅತ್ತು ರಂಪ ಮಾಡುವ ಹುಡುಗಿಯಾದರೆ ಸಮಾಧಾನ ಮಾಡಬಹುದು, ಇವಳು ಅಮ್ಮನ ಮಗಳೇ, ಆಡಿದರೆ ಆಡಿದ್ದೇ.

ಮರುದಿನವೇ ಬಸ್ಸು ಹತ್ತಿ ಹೋದೆ. ಏರಿ ಯಾತ್ರೆ ಮುಗಿಸಿ, ಕಾಫಿ ಕುಡಿದು, ಧೈರ್ಯ ಮಾಡಿ ವಿಷಯ ಹೇಳಿದೆ. ಮಾವ ತಕ್ಷಣ, “ಯಾವ ಜನ? ಮೀನು ತಿಂತಾರಾ?” ಅಂದರು. ಅತ್ತೆ ಕೈ ಎತ್ತಿ ಅವರನ್ನು ಸುಮ್ಮನಿರಿಸಿದಳು.

“ಅದೆಲ್ಲಾ ಆಮ್ಯಾಕೆ. ಸಮುದ್ರಕ್ಕೂ ಮನೆಗೂ ಮಧ್ಯ ಏನೈತೆ?”

“ತಡೆಗೋಡೆ ಕಟ್ಟಿದಾರಂತೆ ಅತ್ತೆ.”

“ಏರಿ ಅನ್ನು. ಮಣ್ಣಿಂದಾ, ಕಲ್ಲಿಂದಾ?”

“ಕಲ್ಲು.”

“ಕೋಡಿ ಎಲ್ಲೈತೆ?”

“ಸಮುದ್ರಕ್ಕೆಲ್ಲಾ ಕೋಡಿ ಇರಲ್ಲ ಅತ್ತೆ!”

“ಕೋಡಿ ಇಲ್ಲದ ನೀರಿನ ಪಕ್ಕ ನನ್ನ ಮಗಳ್ನ ಕಳಿಸ್ಲಾ? ತುಂಬಿದ್ದು ಎತ್ಲಾಗ್ ಹೋಗ್ಬೇಕು?”

ಈ ಪ್ರಶ್ನೆಗೆ ಯಾವ ಪಠ್ಯಪುಸ್ತಕದಲ್ಲಿ ಉತ್ತರ ಇದೆ, ನೀವೇ ಹೇಳಿ! ಅಂತೂ ಇಂತೂ ಅತ್ತೆ ಇಷ್ಟಕ್ಕೆ ಒಪ್ಪಿದಳು: ಮನೆ ನೋಡುವ ಶಾಸ್ತ್ರಕ್ಕೆ ಹೋಗುವುದು. ಆದರೆ ಏರಿ ಮೊದಲು, ಮನೆ ಆಮೇಲೆ. ಅದೂ ಮುಂಗಾರು ಹಿಡಿಯುವ ಹೊತ್ತಿಗೆ. “ಬ್ಯಾಸಿಗೇಲಿ ಖಾಲಿ ಕೆರೆ ತೋರಿಸಿ ಹೆಣ್ಣು ಕೇಳ್ಬಾರ್ದು” ಅಂತ ಷರತ್ತು ಹಾಕಿದಳು.

ಹುಡುಗನಿಗೆ ಚೈತ್ರ ಎಲ್ಲವನ್ನೂ ಹೇಳಿದ್ದಳು. ಅವನು ನಗಲಿಲ್ಲವಂತೆ. ಅವನ ಊರಿನಲ್ಲಿ ಕಡಲು ಕೊರೆಯದಂತೆ ಕಟ್ಟಿದ ಗೋಡೆ, ಕಡಲ ನೀರು ಒಳಕ್ಕೆ ನುಗ್ಗದಂತೆ ಮಳೆನೀರಿನ ಕಾಲುವೆಯ ಬಾಯಿಗೆ ಕೂರಿಸಿದ ಗೇಟು, ಇವನ್ನೆಲ್ಲ ಸಾರ್ವಜನಿಕರಿಗೆ ಕರೆದುಕೊಂಡು ಹೋಗಿ ತೋರಿಸುವ ಏರ್ಪಾಡು ಇದೆಯಂತೆ. ಕೆಲಸ ಮಾಡಿಸಿದ ಇಂಜಿನಿಯರೇ ಜೊತೆಗೆ ಬಂದು ವಿವರಿಸುತ್ತಾರಂತೆ. ಅದಕ್ಕೆ ನಮ್ಮೆಲ್ಲರ ಹೆಸರು ಬರೆಸಿಬಿಟ್ಟ. ಮನೆ ನೋಡಲು ಬಂದ ಬೀಗರಿಗೆ ಪಾನಕದ ಬದಲು ಹೆಲ್ಮೆಟ್ ಕೊಟ್ಟ ಗಂಡು ಜಗತ್ತಿನಲ್ಲಿ ಇವನೊಬ್ಬನೇ ಇರಬೇಕು!

ಮೇ ತಿಂಗಳ ಕೊನೆಗೆ ಅತ್ತೆ, ಮಾವ, ನಾನು ಕಾರು ಮಾಡಿಕೊಂಡು ಹೊರಟೆವು. ಗುಬ್ಬಿಯಿಂದ ಘಾಟಿ ಇಳಿಯುವವರೆಗೆ ಎಷ್ಟು ಕೆರೆ ಸಿಗುತ್ತವೆ ಅಂತ ನಿಮಗೆ ಅಂದಾಜಿದೆಯಾ? ಪ್ರತಿಯೊಂದಕ್ಕೂ ಬ್ರೇಕು. ಡ್ರೈವರ್ ಆಮೇಲಾಮೇಲೆ ಕೆರೆ ಕಂಡ ಕೂಡಲೇ ಅದು ಅತ್ತೆಗೆ ಕಾಣದಂತೆ ಪಕ್ಕದ ಲಾರಿಯನ್ನು ಮರೆ ಮಾಡಿಕೊಂಡು ಓಡಿಸಲು ಕಲಿತ. ಘಾಟಿಯಲ್ಲಿ ಇಳಿಯುವಾಗ ಅತ್ತೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದಳು. ಚೈತ್ರ ನಿಮಿಷಕ್ಕೊಮ್ಮೆ ನನಗೆ ಮೆಸೇಜು ಕಳಿಸುತ್ತಿದ್ದಳು, “ಅಮ್ಮನ ಮುಖ ಹೇಗಿದೆ?” ಏನಂತ ಬರೆಯಲಿ? “ಕಿಟಕಿ ಕಡೆ ಇದೆ” ಅಂತ ಬರೆದೆ.

ರಾತ್ರಿ ಮಂಗಳೂರಿನಲ್ಲಿ ತಂಗಿ, ಮರುದಿನ ಚೈತ್ರಳನ್ನೂ ಕೂರಿಸಿಕೊಂಡು ಹೋಗಿ ಕಡಲ ದಂಡೆಯಲ್ಲಿ ಇಳಿದಾಗ ಬೆಳಗಿನ ಬಿಸಿಲು. ಗಾಳಿ ಎದ್ದಿತ್ತು, ದೂರದಲ್ಲಿ ಮೋಡ. ಅತ್ತೆ ಸಮುದ್ರವನ್ನು ನೋಡಿದ್ದು ಅದೇ ಮೊದಲು. ನಾವೆಲ್ಲ ಅವಳ ಮುಖವನ್ನೇ ನೋಡುತ್ತಿದ್ದೆವು. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಎದುರಿಗೆ ನೋಡಿದಳು.

“ಆಚೆ ದಡ ಎಲ್ಲೈತೆ?” ಅಂದಳು.

“ಕಾಣ್ಸಲ್ಲ ಅಮ್ಮಾ” ಅಂದಳು ಚೈತ್ರ ಮೆಲ್ಲಗೆ.

ಅತ್ತೆ ಮಗಳ ಕಡೆ ತಿರುಗಿಯೂ ನೋಡಲಿಲ್ಲ. ಹುಡುಗ ಬಂದು ಕಾಲಿಗೆ ನಮಸ್ಕಾರ ಮಾಡಿದರೆ, “ಆಯ್ತು ಏಳಪ್ಪಾ, ಕಲ್ಲು ಎಲ್ಲಿಂದ ತಂದವ್ರೆ?” ಅಂತ ಕೇಳಿದಳು.

ಅಷ್ಟರಲ್ಲಿ ಇಂಜಿನಿಯರಮ್ಮ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೊರಳಲ್ಲಿ ಸೀಟಿ. ನಮ್ಮ ಜೊತೆಗೆ ಒಂದು ಕಾಲೇಜಿನ ಮಕ್ಕಳೂ, ರಿಟೈರಾದ ನಾಲ್ಕಾರು ಜನರೂ ಇದ್ದರು. ಎಲ್ಲರಿಗೂ ಹಳದಿ ಹೆಲ್ಮೆಟ್. ಅತ್ತೆ ಹೆಲ್ಮೆಟ್ಟಿನ ಮೇಲೆ ಸೆರಗು ಹೊದ್ದಳು. ಹೊರಡುವ ಮೊದಲು ನೀರಿನ ಅಂಚಿಗೆ ಹೋಗಿ ಒಂದು ಕಡ್ಡಿ ನೆಟ್ಟು ಬಂದಳು. ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಲು ಕೆರೆಯವರು ಮಾಡುವ ಗುರುತು ಅದು.

ಕಾಲುವೆಯ ಗೇಟು ಅತ್ತೆಗೆ ಮೊದಲ ನೋಟಕ್ಕೇ ಹಿಡಿಸಿತು. ಒಳಗಿನ ಮಳೆನೀರು ತಳ್ಳಿದರೆ ಬಾಗಿಲು ತೆರೆಯುತ್ತದೆ, ಹೊರಗಿನ ಕಡಲು ತಳ್ಳಿದರೆ ಮುಚ್ಚಿಕೊಳ್ಳುತ್ತದೆ. “ಹೋಗೋರಿಗೆ ದಾರಿ, ಬರೋರಿಗೆ ಬೀಗ! ಒಳ್ಳೇ ತೂಬು ಕಣ್ರವ್ವಾ” ಅಂತ ಅದರ ಕಬ್ಬಿಣವನ್ನು ತಟ್ಟಿದಳು. ನಮಗೆಲ್ಲ ಹೋದ ಜೀವ ಬಂತು. ಆದರೆ ಗೋಡೆಯ ಹತ್ತಿರ ಬಂದಾಗ ಮತ್ತೆ ಮುಖ ಬಿಗಿಯಾಯಿತು. ಮನುಷ್ಯನೆತ್ತರದ ಬಂಡೆಗಳು, ಅವುಗಳ ಮುಂದೆ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಅತ್ತೆ ಒಂದು ಸಂದಿಗೆ ಕೈ ಹಾಕಿದಳು. ಕೈ ಭುಜದವರೆಗೆ ಹೋಯಿತು.

“ಇದೇನವ್ವಾ ಇದು, ಸಂದಿ ಬುಟ್ಟಿದೀರಾ! ಜೇಡಿಮಣ್ಣು ಮೆತ್ತಿಲ್ವಾ?”

“ಬೇಕೂಂತಲೇ ಬಿಟ್ಟದ್ದು ಅಮ್ಮಾ” ಅಂದರು ಇಂಜಿನಿಯರಮ್ಮ. “ಅಲೆಯನ್ನು ಗೋಡೆ ಹಾಗೆ ತಡೆದ್ರೆ ಅದು ಗೋಡೆಯನ್ನೇ ಕಿತ್ತುಕೊಂಡು ಹೋಗ್ತದೆ. ಈ ಸಂದಿಗಳಲ್ಲಿ ನುಗ್ಗಿ, ಸುತ್ತಿ ಸುತ್ತಿ ಅದರ ಬಲ ಮುಗೀತದೆ. ಸುಸ್ತಾಗಿ ವಾಪಸ್ ಹೋಗ್ತದೆ.”

ಅತ್ತೆ ಸಂದಿಯಿಂದ ಕೈ ತೆಗೆದಳು. ಆಮೇಲೆ ಮಾವನ ಕಡೆ ತಿರುಗಿ, “ನಿಮ್ಮಕ್ಕ ಜಗಳಕ್ಕೆ ಬಂದಾಗ ನಾನೂ ಹಿಂಗೇ ಮಾಡದು. ಒಳಕ್ಕೆ ಕರೆದು, ಕೂರಿಸಿ, ಸುಸ್ತು ಮಾಡಿ ಕಳಿಸದು” ಅಂದಳು. ಕಾಲೇಜು ಮಕ್ಕಳು ಚಪ್ಪಾಳೆ ತಟ್ಟಿದರು. ಹುಡುಗ ಚೈತ್ರಳನ್ನು ನೋಡಿ ಸಣ್ಣಗೆ ನಕ್ಕ. ನಾನೂ ಎಲ್ಲ ಸರಿಹೋಯಿತು ಅಂದುಕೊಂಡೆ.

ಅಂದುಕೊಳ್ಳಬಾರದಿತ್ತು. ಯಾಕೆಂದರೆ ಅಷ್ಟು ಹೊತ್ತಿಗೆ ನಾವು ಸುತ್ತು ಮುಗಿಸಿ ಹೊರಟ ಜಾಗಕ್ಕೇ ಬಂದಿದ್ದೆವು. ಅತ್ತೆ ತನ್ನ ಕಡ್ಡಿ ನೋಡಿದಳು. ನೀರು ಕಡ್ಡಿಯನ್ನು ಬಿಟ್ಟು ಎಲ್ಲೋ ದೂರ ಹಿಂದಕ್ಕೆ ಹೋಗಿಬಿಟ್ಟಿತ್ತು. ಒಂದು ಹೊತ್ತಿನಲ್ಲಿ ಅಷ್ಟು ನೀರು ಖಾಲಿಯಾಗಬೇಕಾದರೆ ಕೆರೆಯವಳಿಗೆ ಗೊತ್ತಿರುವುದು ಒಂದೇ ಕಾರಣ. ನಾನು ಓಡಿಹೋಗಿ ಬಾಯಿ ಮುಚ್ಚುವ ಮೊದಲೇ ಅವಳು ಎರಡೂ ಕೈ ಎತ್ತಿ ತನ್ನ ಊರಿನ ಕೂಗು ಹಾಕಿಬಿಟ್ಟಳು.

“ಏರಿ ಬಾಯಿ ಬುಡ್ತೂ! ಬರ್ರಲೋ! ಏರಿ ಬಾಯಿ ಬುಡ್ತೂ!”

ಆ ಗಂಟಲು ತೆಂಗಿನ ತೋಟದ ಆ ತುದಿಯಲ್ಲಿರುವ ಆಳನ್ನು ಕರೆಯುವ ಗಂಟಲು. ಕಾಲೇಜು ಮಕ್ಕಳು ಚೆಲ್ಲಾಪಿಲ್ಲಿಯಾಗಿ ರಸ್ತೆಗೆ ಓಡಿದರು. ರಿಟೈರಾದವರು ಅವರಿಗಿಂತ ಮುಂದಿದ್ದರು! ಓಣಿಯ ಮನೆಗಳಿಂದ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹೊರಬಂದರು. ಅವರಿಗೆ ಅದು ತಮಾಷೆಯಾಗಿರಲಿಲ್ಲ. ನಮ್ಮ ಮಾವ ಮಾತ್ರ ಅಭ್ಯಾಸಬಲದಿಂದ ಹೆಲ್ಮೆಟ್ ತೆಗೆದು ಅದರಲ್ಲಿ ಮರಳು ತುಂಬುತ್ತಿದ್ದರು.

ಇಂಜಿನಿಯರಮ್ಮ ಸೀಟಿ ಊದಿ ಊದಿ ಎಲ್ಲರನ್ನೂ ನಿಲ್ಲಿಸಿ ಅತ್ತೆಯ ಹತ್ತಿರ ಬಂದರು. “ಅಮ್ಮಾ, ಇದು ಇಳಿತ. ಸೋರಿದ್ದಲ್ಲ. ದಿನಾ ಇಳೀತದೆ, ಏರ್ತದೆ. ಇವತ್ತು ಸಂಜೆ ಮತ್ತೆ ಏರ್ತದೆ.”

“ದಿನಾನಾ? ಯಾರು ಬುಡದು, ಯಾರು ತುಂಬದು?”

“ಚಂದ್ರ ಎಳೆಯೋದು ಅಮ್ಮಾ.”

“ನಮ್ಮೂರಲ್ಲಿ ತೂಬು ಎತ್ತೋ ನೀರುಗಂಟೀನೇ ಹೇಳಿದ ಮಾತು ಕೇಳಕಿಲ್ಲ, ಇನ್ನು ಚಂದ್ರ ಕೇಳ್ತಾನಾ?” ಅಂತ ಅತ್ತೆ ಅಂದಳು. ಆದರೆ ಈ ಸಲ ಯಾರೂ ನಗಲಿಲ್ಲ. ಒಬ್ಬ ಹೆಂಗಸು ಕಂಕುಳಿನ ಮಗುವನ್ನು ಬದಲಾಯಿಸಿಕೊಳ್ಳುತ್ತಾ, “ಹೀಗೆಲ್ಲ ಕೂಗ್ಬೇಡಿ ಮಾರಾಯ್ರೇ, ನಮ್ಮ ಜೀವ ಹೋಗ್ತದೆ” ಅಂದು ಒಳಗೆ ಹೋದಳು. ಅತ್ತೆಯ ಮುಖ ಬಿಳಿಚಿಕೊಂಡಿತು. ಅವಮಾನಕ್ಕೆ ಅಂತ ನಾನು ತಿಳಿದೆ. ಅಲ್ಲ. ಕೂಗಿಗೆ ಮಕ್ಕಳನ್ನು ಎತ್ತಿಕೊಂಡೇ ಹೊರಬರುವ ಓಣಿ ಎಂಥದ್ದು ಅನ್ನುವುದು ಅವಳಿಗೆ ಒಂದೇ ನೋಟಕ್ಕೆ ಅರ್ಥವಾಗಿತ್ತು.

ಹುಡುಗನ ಮನೆಯಲ್ಲಿ ಊಟ. ಸಣ್ಣ, ಚೊಕ್ಕಟ ಮನೆ. ಹುಡುಗನ ತಾಯಿ ತೆಳ್ಳಗೆ, ಎತ್ತರವಾಗಿದ್ದರು. ನಮಗಾಗಿ ಬೇರೆ ಪಾತ್ರೆ ತಂದು ಸೊಪ್ಪಿನ ಸಾರು ಮಾಡಿದ್ದರು. ಮಾವ ಎರಡು ಸಲ ಬಡಿಸಿಕೊಂಡು ಜಾತಿಯ ವಿಷಯವನ್ನು ಅನ್ನದ ಜೊತೆ ಕಲೆಸಿ ನುಂಗಿಬಿಟ್ಟರು. ಅತ್ತೆ ಮಾತ್ರ ಒಂದು ತುತ್ತು ತಿಂದು ಗೋಡೆಯನ್ನು ನೋಡುತ್ತಾ ಕೂತಳು. ಗೋಡೆಯಲ್ಲಿ ಮೊಣಕಾಲಿನ ಎತ್ತರಕ್ಕೆ, ಹಿಂದೊಮ್ಮೆ ನುಗ್ಗಿದ್ದ ಕಡಲಿನ ಉಪ್ಪಿನ ಬಿಳಿ ಗೆರೆ. ಸುಣ್ಣ ಹೊಡೆದರೂ ಹೋಗುವುದಿಲ್ಲವಂತೆ. ಚೈತ್ರ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು, ಬಡಿಸುವುದು ಮರೆತೇಹೋಗಿತ್ತು.

ಊಟವಾದ ಮೇಲೆ ನಾವು ಸ್ವಲ್ಪ ಮಲಗಿದೆವು. ಎದ್ದಾಗ ಮೋಡ ಕವಿದಿತ್ತು. ಅತ್ತೆ ಇರಲಿಲ್ಲ.

ಚೈತ್ರ ಬರಿಗಾಲಲ್ಲಿ ಓಡಿದಳು. ನಾವು ಅವಳ ಹಿಂದೆ. ಓಣಿ ದಾಟಿದರೆ ಬೆಳಿಗ್ಗೆ ನಡೆದಾಡಿದ ಮರಳೇ ಇರಲಿಲ್ಲ. ಅಲೆ ನೇರವಾಗಿ ಕಲ್ಲಿಗೆ ಬಂದು ಬಡಿಯುತ್ತಿತ್ತು, ಪ್ರತಿ ಸಲವೂ ಕಾಲಡಿಯ ನೆಲ ಅದುರುತ್ತಿತ್ತು. ತಡೆಗೋಡೆಯ ಮೇಲೆ ನಮಗೆ ಬೆನ್ನು ಮಾಡಿ ಇಬ್ಬರು ಕುಳಿತಿದ್ದರು. ಒಬ್ಬಳು ಅತ್ತೆ, ಇನ್ನೊಬ್ಬರು ಹುಡುಗನ ತಾಯಿ. ನಾವು ಹಿಂದೆ ಹತ್ತಿದ್ದನ್ನು ಕಂಡು ಆ ತಾಯಿ ಸುಮ್ಮನಿರಿ ಅನ್ನುವಂತೆ ಕೈ ಸನ್ನೆ ಮಾಡಿದರು.

“ಈ ಏರಿ ನಿಲ್ತದಾ?” ಅತ್ತೆ ಕೇಳುತ್ತಿದ್ದಳು. ದನಿ ಅವಳದಲ್ಲವೇನೋ ಅನ್ನುವಷ್ಟು ಸಣ್ಣಗಿತ್ತು.

“ಗೊತ್ತಿಲ್ಲ” ಅಂದರು ಆ ತಾಯಿ. “ನಿಲ್ತದೆ ಅಂತ ಕಟ್ಟಿದ್ದಾರೆ. ಇಷ್ಟರವರೆಗೆ ನಿಂತಿದೆ. ನಮ್ಮ ಹಳೇ ಮನೆ ಅಗೋ, ಅಲ್ಲುಂಟು.” ಅವರು ಬೆರಳು ತೋರಿಸಿದ ಕಡೆ ಬರೀ ನೀರು.

ಅತ್ತೆ ಆ ನೀರನ್ನೇ ನೋಡಿದಳು. “ಬಂದುಬುಟ್ರೆ ಏನ್ ಮಾಡ್ತೀರಿ?”

“ಎಂತ ಮಾಡುದು, ಓಡುದು. ಗಾಳಿ ಜೋರಾದ ದಿನ ನಾನು ಕಣ್ಣು ಮುಚ್ಚುದಿಲ್ಲ, ಕೂತು ಸದ್ದು ಕೇಳ್ತೇನೆ. ಸದ್ದು ಬೇರೆ ಆದ್ರೆ ಗೊತ್ತಾಗ್ತದೆ. ಆ ಸಲ ಹೊಲಿಗೆ ಮಿಷನ್ ಹೊತ್ತುಕೊಂಡು ಓಡಿದೆ. ನಿಮ್ಮ ಮಗಳು ಬಂದ್ರೆ ಮಿಷನ್ ಬಿಟ್ಟೇನು. ಅವಳ ಕೈ ಬಿಡುದಿಲ್ಲ. ಇಷ್ಟೇ ನಾನು ಹೇಳಬಹುದಾದ್ದು.”

ಒಂದು ದೊಡ್ಡ ಅಲೆ ಬಂದು ಬಡಿದು ನಮ್ಮೆಲ್ಲರ ಮೇಲೆ ಉಪ್ಪುನೀರು ಎರಚಿತು. ಚೈತ್ರ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರು ನಾಟಿತ್ತು. ಅತ್ತೆ ಮುಖ ಒರೆಸಿಕೊಂಡಳು. ಅಲೆಯದೋ, ಕಣ್ಣಿನದೋ, ನಾನು ಕೇಳಲಿಲ್ಲ.

“ನೀವೂ ಕೂತು ಕೇಳ್ತೀರಾ?” ಅಂದಳು.

“ಕೇಳ್ಳೇಬೇಕಲ್ಲ.”

“ನಾನೂವೆ” ಅಂದಳು ಅತ್ತೆ. ಆಮೇಲೆ ಎದ್ದು ನಿಂತು, ಸೀರೆ ಕೊಡವಿ, ಹಿಂದೆ ನಿಂತಿದ್ದ ನಮ್ಮನ್ನು ಈಗಷ್ಟೇ ಕಂಡವಳಂತೆ ಗದರಿದಳು. “ಏನ್ ಎಲ್ರೂ ಕಂಬ ನಿಂತಂಗೆ ನಿಂತಿದೀರಿ? ನಡೀರಿ, ಎಲೆ ಅಡಿಕೆ ತೆಗೀರಿ. ಹೊತ್ತು ಮುಳುಗೋದ್ರೊಳಗೆ ತಾಂಬೂಲ ಬದಲಾಯಿಸ್ಬೇಕು.”

ಚೈತ್ರ ಅಲ್ಲೇ ಕಲ್ಲಿನ ಮೇಲೆ ಕುಳಿತು ಜೋರಾಗಿ ಅತ್ತುಬಿಟ್ಟಳು. ಹುಡುಗ ಏನು ಮಾಡಬೇಕೋ ತಿಳಿಯದೆ ನನಗೆ ನಮಸ್ಕಾರ ಮಾಡಿದ!

ಮದುವೆಯಾಗಿ ಇದು ಮೊದಲ ಮಳೆಗಾಲ. ಅಲ್ಲಿ ಕಡಲು ಅಬ್ಬರಿಸುತ್ತಿದೆ, ನಮ್ಮ ಕಡೆಯೂ ಈ ಸಲ ಸುರಿಯುತ್ತಲೇ ಇದೆ. ಕಳೆದ ಭಾನುವಾರ ಅತ್ತೆಯ ಮನೆಗೆ ಹೋದೆ. ಸಂಜೆಯಾಗಿತ್ತು. ಬಸ್ಸಿನಿಂದಿಳಿದು ಏರಿಯ ಮೇಲೇ ನಡೆದು ಬಂದೆ. ಕೆರೆ ಭರ್ತಿಯಾಗಿ ಕೋಡಿಯಲ್ಲಿ ನೀರು ಕೆಂಪಗೆ ಧುಮುಕುತ್ತಿತ್ತು. ಮನೆಯ ಹಿಂದೆ, ಏರಿಯ ಬುಡದಲ್ಲಿ, ಮಣ್ಣಿನ ಚೀಲಗಳನ್ನು ಸಾಲಾಗಿ ಜೋಡಿಸಿದ್ದರು. ಅತ್ತೆ ಜಗಲಿಯ ಮೇಲೆ ಫೋನ್ ಹಿಡಿದು ಕೂತಿದ್ದಳು. ಕಾಲಲ್ಲಿ ಮೊಣಕಾಲಿನವರೆಗೆ ಕೆಸರು. ಬೆಳಗಿನಿಂದ ಎಷ್ಟು ಸಲ ಮೇಲೆ ಹತ್ತಿ ಇಳಿದಿದ್ದಳೋ.

“ಏನತ್ತೆ, ನನಗೆ ಏರಿ ತೋರಿಸಲ್ವಾ?”

“ಸುಮ್ಕಿರೇ, ಅಲ್ಲಿ ಉಬ್ಬರದ ಹೊತ್ತು” ಅಂದಳು.

ಮಾವ ನನ್ನ ಕಿವಿಯಲ್ಲಿ ಹೇಳಿದರು. ಕಡಲು ಎಷ್ಟು ಹೊತ್ತಿಗೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ಅಳಿಯ ಫೋನಿನಲ್ಲಿ ನೋಡುವುದು ಹೇಳಿಕೊಟ್ಟಿದ್ದಾನಂತೆ. ಗುಬ್ಬಿ ತಾಲ್ಲೂಕಿನಲ್ಲಿ ಮಂಗಳೂರಿನ ಉಬ್ಬರದ ಸಮಯ ಬಾಯಿಪಾಠ ಇರುವವಳು ಇವಳೊಬ್ಬಳೇ ಇರಬೇಕು. ಅಲ್ಲಿ ನೀರು ಇಳಿಯುವವರೆಗೆ ಇಲ್ಲಿ ಇವಳು ಊಟಕ್ಕೆ ಕೂರುವುದಿಲ್ಲವಂತೆ.

ಫೋನ್ ಬಂತು. ಅತ್ತೆ ಸ್ಪೀಕರ್ ಒತ್ತಿದಳು.

“ಇಳೀತಾ?”

“ಇಳೀತು ಕಣಮ್ಮಾ” ಅಂದಳು ಚೈತ್ರ. ಅವಳ ಮಾತಿನ ಹಿಂದೆ ಭೋರ್ ಅನ್ನುವ ಸದ್ದು ಕೇಳುತ್ತಲೇ ಇತ್ತು. “ಅಲ್ಲೂ ತುಂಬಾ ಮಳೆಯಂತಲ್ಲ. ನಮ್ಮ ಕೆರೆ ಎಷ್ಟು ಬಂದಿದೆ ಅಮ್ಮಾ?”

ಅತ್ತೆ ಒಮ್ಮೆ ತಲೆಯೆತ್ತಿ ಏರಿಯ ಕಡೆ ನೋಡಿದಳು. ಕೋಡಿಯ ಸದ್ದು ಜಗಲಿಯವರೆಗೂ ಕೇಳುತ್ತಿತ್ತು. ಅದು ಮಗಳಿಗೆ ಕೇಳದಂತೆ ಫೋನಿನ ಬಾಯಿಗೆ ಸೆರಗು ಅಡ್ಡ ಹಿಡಿದಳು.

“ಇನ್ನೂ ಅರ್ಧನೂ ಇಲ್ಲ ಕಣವ್ವಾ. ನೀನು ನೆಮ್ಮದಿಯಾಗಿರು” ಅಂದಳು.

ನೀರಿನ ವಿಷಯದಲ್ಲಿ ನಮ್ಮತ್ತೆ ಸುಳ್ಳು ಹೇಳಿದ್ದನ್ನು ನಾನು ನನ್ನ ಜೀವಮಾನದಲ್ಲಿ ಮೊದಲ ಸಲ ಕೇಳಿದೆ. ಫೋನ್ ಇಟ್ಟು, ಊಟದ ಮಾತೆತ್ತದೆ, ಮೂಲೆಯಲ್ಲಿದ್ದ ಮಂಕರಿ ಕೈಗೆತ್ತಿಕೊಂಡು ಏರಿಯ ಕಡೆ ಹೊರಟಳು. ನನ್ನನ್ನು ಬಾ ಅಂತ ಕರೆಯಲಿಲ್ಲ. ನಾನು ಚಪ್ಪಲಿ ಬಿಟ್ಟು ಅವಳ ಹಿಂದೆ ಓಡಿಹೋಗಿ ಮಂಕರಿಯ ಇನ್ನೊಂದು ಕಡೆ ಹಿಡಿದುಕೊಂಡೆ.